ಕಾವಲು ಸಡಿಲಿಸಿದ ಮೈ

ಜನವರಿ 9

ಇವತ್ತು ಕ್ಯಾಂಡಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಹೇನಾಯಕ ನನ್ನ ರಕ್ತದ ವರದಿ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ನೆಲ ನೋಡುತ್ತ ಕುಳಿತೆ. ತಲೆಯೆತ್ತಿ ನೋಡಿದರೆ ಆ ಮನುಷ್ಯ ನಗುತ್ತಿದ್ದರು.

"ಮಿಸ್ಸಿ, ನಿಮ್ಮ ಕಿಡ್ನಿ ನನ್ನದಕ್ಕಿಂತ ಚೆನ್ನಾಗಿ ಕೆಲಸ ಮಾಡ್ತಿದೆ. ಹೀಗೇ ಇದ್ರೆ ವರ್ಷದ ಮಧ್ಯಕ್ಕೆ ಡ್ಯೂಟಿಗೆ ಹೋಗಬಹುದು."

ಡ್ಯೂಟಿ! ಸೆಪ್ಟೆಂಬರಿನಲ್ಲಿ ಕಿಡ್ನಿ ಕಸಿಯಾದ ಮೇಲೆ ಆ ಮಾತನ್ನು ಯಾರ ಬಾಯಲ್ಲೂ ಕೇಳಿರಲಿಲ್ಲ. ಇಪ್ಪತ್ತು ವರ್ಷ ಕುಂಬುಕ್‌ವೆವದ ಸರ್ಕಾರಿ ಸೂಲಗಿತ್ತಿಯಾಗಿ ಸ್ಕೂಟರಿನಲ್ಲಿ ಧೂಳು ಕುಡಿದವಳು ನಾನು. ನಮ್ಮ ಸೀಮೆಯಲ್ಲಿ ಯಾರಿಗೂ ರಮ್ಯಲತಾ ಎಂಬ ಹೆಸರು ನೆನಪಿಲ್ಲ, ಮಿಸ್ಸಿ ಎಂದರೆ ನಾನೇ. ಬಸುರಿ, ಬಾಣಂತಿ, ತೊಟ್ಟಿಲ ಕೂಸು ಎಲ್ಲರೂ ನನ್ನ ಪಾಲಿನವರು. ಒಂದು ಮಗುವಿಗೂ ಚುಚ್ಚುಮದ್ದು ತಪ್ಪಿಸಿದವಳಲ್ಲ. ಮೇಲಧಿಕಾರಿಗಳು ಬೇರೆ ಊರಿನ ಹುಡುಗಿಯರನ್ನು ನನ್ನ ಕೆಲಸ ನೋಡಲು ಕಳಿಸುತ್ತಿದ್ದರು.

ಯಾರ ಮುಂದೆಯೂ ಕೈಯೊಡ್ಡಬಾರದು ಎಂದು ಬದುಕಿದೆ. ಕೊನೆಗೆ ಒಡ್ಡಬೇಕಾಗಿ ಬಂದದ್ದು ಯಾರ ಮುಂದೆ? ಗಂಡ ವಿಜೇಸಿರಿಗೆ ಸಕ್ಕರೆ ಕಾಯಿಲೆ, ಅವರ ಕಿಡ್ನಿ ಬೇಡವೆಂದರು. ಆಗ ಮುಂದೆ ಬಂದವರು ಅತ್ತೆ, ದಿಂಗಿರಿ ಮೆಣಿಕೆ. "ಊರ ತೊಟ್ಟಿಲೆಲ್ಲ ತೂಗ್ತಾಳೆ, ನಮ್ಮನೇದು ಮಾತ್ರ ಅಟ್ಟ ಇಳೀಲಿಲ್ಲ" ಎಂದು ಬಾವಿಕಟ್ಟೆಯಲ್ಲಿ ನಿಂತು ನಾಲ್ಕು ಜನರೆದುರು ಹೇಳಿದ ಹೆಂಗಸು. ನಮ್ಮಿಬ್ಬರ ರಕ್ತ ಹೊಂದಿತು. ಮಾತು ಯಾವತ್ತೂ ಹೊಂದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಪಕ್ಕದ ಸೀಟಿನವನಿಗೆ ಹೇಳಿದರು: "ಇವಳ ಹೊಟ್ಟೇಲಿರೋದು ನನ್ನ ಕಿಡ್ನಿ ಕಣಪ್ಪ. ಎಡಗಡೇದು. ಡಾಕ್ಟರಿಗಿಂತ ಚೆನ್ನಾಗಿದೆಯಂತೆ." ಆಮೇಲೆ ಹಿಂದಿನ ಸೀಟಿಗೆ. ಆಮೇಲೆ ಕಂಡಕ್ಟರಿಗೆ. ದಂಬುಳ್ಳ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಗೊತ್ತಾಗಿತ್ತು. ನಾನು ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡು ನಿದ್ದೆಯ ನಟನೆ ಮಾಡಿದೆ.

ಜನವರಿ 22

ಅತ್ತೆ ಬೆಳಗಿನಿಂದ ನಾಲ್ಕು ಸಲ ನೀರು ತಂದು ಕೊಟ್ಟರು. ಒಂದು ಸಲ ಬೇಡ ಎಂದೆ.

"ನಿನಗಲ್ಲ ಕೊಡ್ತಿರೋದು. ನನ್ನ ಕಿಡ್ನಿಗೆ ಕೊಡ್ತಿದೀನಿ. ಕುಡಿ."

ಅಡುಗೆಮನೆಯಲ್ಲಿ ಅವರದೇ ಕಾನೂನು. ಹಸಿ ಒಂದೆಲಗ ಕೊಚ್ಚಿ ಕಾಯಿತುರಿ ಬೆರೆಸುವ ಸಂಬೋಲ ಬಂದ್. ಮಾತ್ರೆಗೆ ಆಗದು ಎಂದು ಡಾಕ್ಟರ್ ಹೇಳಿದ್ದೇ ತಡ, ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಚಕ್ಕೋತ ಹಣ್ಣನ್ನು ಅವರೆದುರೇ ದನಕ್ಕೆ ಹಾಕಿದರು. ಕೆಮ್ಮುತ್ತ ಬಂದವರನ್ನು ಬೇಲಿಯ ಹೊರಗೇ ನಿಲ್ಲಿಸಿ ಮಾತಾಡಿಸುತ್ತಾರೆ. ತಪ್ಪೇನಿಲ್ಲ, ನಾನೂ ಬಾಣಂತಿಯರ ಮನೆಯಲ್ಲಿ ಇದನ್ನೇ ಹೇಳುತ್ತಿದ್ದೆ. ಹೇಳುವುದು ಬೇರೆ, ಹೇಳಿಸಿಕೊಳ್ಳುವುದು ಬೇರೆ.

ಸಂಜೆ ನಿಲುಷಿ ಬಂದಿದ್ದಳು. ನನ್ನ ಜಾಗಕ್ಕೆ ತಾತ್ಕಾಲಿಕವಾಗಿ ಹಾಕಿರುವ ಹುಡುಗಿ. ಅವಳದೇ ಊರುಗಳ ಜೊತೆಗೆ ನನ್ನವೂ ಅವಳ ತಲೆಗೆ. ಕಾಡಂಚಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳು ಸಿಗುತ್ತಿಲ್ಲ, ಕೆಲವು ಮಕ್ಕಳ ಚುಚ್ಚುಮದ್ದು ಉಳಿದಿದೆ ಎಂದಳು.

"ಬೆಳಗಾಗೋ ಮುಂಚೆ ಹೋಗಬೇಕು, ಅವರು ಹೊಲಕ್ಕಿಳಿಯೋ ಮೊದಲು" ಎಂದೆ. ದನಿ ಬೇಕಾದ್ದಕ್ಕಿಂತ ಗಡುಸಾಯಿತು. ನಾನಿದ್ದಿದ್ದರೆ ಉಳಿಯುತ್ತಿರಲಿಲ್ಲ ಎಂಬುದು ಅವಳಿಗೆ ತಿಳಿಯಲಿ ಎಂದೇ ಇರಬೇಕು.

ಫೆಬ್ರವರಿ 13

ಇವತ್ತು ಕ್ಯಾಂಡಿಗೆ ವಿಜೇಸಿರಿ ಜೊತೆಗೆ ಬಂದಿದ್ದರು. ಅತ್ತೆ ಯಾರದೋ ಮನೆಯಲ್ಲಿ ಭಿಕ್ಷುಗಳಿಗೆ ಕೊಡುವ ದಾನಕ್ಕೆ ಅಡುಗೆ ಮಾಡಲು ಹೋಗಿದ್ದರು. ಒಳ್ಳೆಯದೇ ಆಯಿತು.

ಡಾಕ್ಟರ್ ಇವತ್ತು ಕನ್ನಡಕ ತೆಗೆಯಲಿಲ್ಲ. ರಕ್ತದಲ್ಲಿ ವೈರಸ್ ಸಿಕ್ಕಿದೆಯಂತೆ. ಬಿಕೆ ಅಂತ ಹೆಸರು.

"ಎಲ್ಲಿಂದ ಬಂತು? ನಾನು ಮನೆಯಿಂದ ಹೊರಗೇ ಹೋಗಿಲ್ಲ" ಎಂದೆ.

"ಹೊರಗಿಂದ ಬರೋದಲ್ಲ ಮಿಸ್ಸಿ. ಚಿಕ್ಕಂದಿನಲ್ಲಿ ನೆಗಡಿ ಹಾಗೆ ಬರತ್ತೆ, ಹೋಯ್ತು ಅಂದ್ಕೋತೀವಿ. ಹೋಗಿರಲ್ಲ. ಕಿಡ್ನಿಯ ಮೂಲೇಲಿ ಮಲಗಿರತ್ತೆ. ಬಹಳ ಜನರಲ್ಲಿ ಇರತ್ತೆ, ಜೀವಮಾನ ಪೂರ್ತಿ ಏಳಲ್ಲ. ಮೈಯ ಕಾವಲು ಎದ್ದಿರೋವರೆಗೆ ಅದಕ್ಕೆ ಧೈರ್ಯ ಇಲ್ಲ. ನಿಮ್ಮ ಕಾವಲನ್ನ ನಾವೇ ಮಾತ್ರೆ ಕೊಟ್ಟು ತೂಕಡಿಸೋ ಹಾಗೆ ಮಾಡಿದೀವಿ, ಹೊಸ ಕಿಡ್ನಿನ ಕಳ್ಳ ಅಂದ್ಕೊಂಡು ಹೊಡೀದೆ ಇರಲಿ ಅಂತ. ಈಗ ನಿಜವಾದ ಕಳ್ಳ ಎದ್ದಿದಾನೆ."

"ಔಷಧ?"

"ನೆಚ್ಚಿಕೊಳ್ಳೋ ಔಷಧ ಇಲ್ಲ. ನಿಮ್ಮ ಕಾವಲೇ ಔಷಧ. ಮಾತ್ರೆ ಇಳಿಸಿ ಅದನ್ನ ಸ್ವಲ್ಪ ಎಬ್ಬಿಸಬೇಕು. ಜಾಸ್ತಿ ಎದ್ರೆ ಕಿಡ್ನಿನೇ ಹೊಡೆಯತ್ತೆ. ಸಾಲದೆ ಹೋದ್ರೆ ವೈರಸ್ ತಿನ್ನತ್ತೆ. ನಡುವೆ ಒಂದು ಸಣ್ಣ ದಾರಿ ಇದೆ, ಅದರಲ್ಲಿ ನಡೀಬೇಕು."

"ನಡೀತೀನಿ" ಎಂದೆ. ಬೇರೆಯವರ ಹೆರಿಗೆ ಕಷ್ಟವಾದಾಗ ಹೀಗೇ ತಣ್ಣಗೆ ಮಾತಾಡಿದವಳು ನಾನು. ಹೊರಗೆ ಬಂದು ಬೆಂಚಿನ ಮೇಲೆ ಕುಳಿತೆ. ಡಯಾಲಿಸಿಸ್ ಕೋಣೆಯ ಬಾಗಿಲು ಎದುರಿಗೇ ಇತ್ತು. ಆ ಯಂತ್ರದ ಸದ್ದು ಮರೆತಿರಲಿಲ್ಲ.

"ಅಮ್ಮನಿಗೆ ಹೇಳೋಣ" ಎಂದರು ವಿಜೇಸಿರಿ.

"ಹೇಳಿದ್ರೆ ನಾನು ಆ ಮನೇಲಿರಲ್ಲ" ಎಂದೆ.

ಫೆಬ್ರವರಿ 14

ಹೇಳಿಲ್ಲ. ಆರು ತಿಂಗಳೂ ಬಾಳಿಸಲಿಲ್ಲ ಎಂದು ಬಾವಿಕಟ್ಟೆಯಲ್ಲಿ ಕೇಳಿಸಿಕೊಳ್ಳುವುದು ನನ್ನಿಂದಾಗದು.

ಮಾರ್ಚ್ 1

ಪೋಯ, ಹುಣ್ಣಿಮೆಯ ದಿನ. ಅತ್ತೆ ಬಿಳಿ ಉಟ್ಟು ಬುದ್ಧ ವಿಹಾರಕ್ಕೆ ಹೋಗಿ, ಇಡೀ ದಿನ ಶೀಲವ್ರತ ಹಿಡಿದು ಶಾಂತವಾಗಿ ಬಂದರು. ಬಂದು ಮಾತ್ರೆಯ ಡಬ್ಬಿ ತೆಗೆದು ನೋಡಿದರು. ಶಾಂತಿ ಅಲ್ಲಿಗೆ ಮುಗಿಯಿತು.

"ಗುಲಾಬಿ ಮಾತ್ರೆ ಸಂಜೆ ಎರಡಿರ್ತಿತ್ತು. ಎರಡು ವಾರದಿಂದ ಒಂದೇ ನುಂಗ್ತಿದೀಯ. ಹೊಲಕ್ಕೆ ಔಷಧ ಹೊಡೆಯೋನು ಉಳಿತಾಯ ಮಾಡೋ ಹಾಗೆ ಮಾಡ್ತಿದೀಯಾ?"

"ನಿಮಗೆ ಸಂಬಂಧ ಇಲ್ಲದ ವಿಷಯ."

"ಸಂಬಂಧ ಇಲ್ವಾ? ನನ್ನ ಕಿಡ್ನಿನ ಕೊಲ್ತಿದೀಯ, ನನಗೆ ಸಂಬಂಧ ಇಲ್ವಾ?"

"ಕೊಟ್ಟ ಮೇಲೆ ಅದು ನಿಮ್ದಲ್ಲ!" ಎಂದು ಕಿರುಚಿದೆ. "ದಿನಾ ನನ್ನ ಕಿಡ್ನಿ, ನನ್ನ ಕಿಡ್ನಿ. ಬಸ್ಸಲ್ಲಿ, ಅಂಗಡೀಲಿ, ವಿಹಾರದಲ್ಲಿ! ಬೇಕಿದ್ರೆ ವಾಪಸ್ ತಗೊಳ್ಳಿ. ಹೇಗಿದ್ರೂ ಅದನ್ನ ವೈರಸ್ ತಿಂತಾ ಇದೆ."

ಬಾಯಿ ತಪ್ಪಿ ಬಂದಾಗಿತ್ತು. ವಿಜೇಸಿರಿ ಬಾಗಿಲಲ್ಲೇ ನಿಂತುಬಿಟ್ಟರು. ಆಮೇಲೆ ಎಲ್ಲ ಹೇಳಬೇಕಾಯಿತು. ಮಲಗಿರುವ ವೈರಸ್ಸು, ತೂಕಡಿಸುವ ಕಾವಲು, ಮಾತ್ರೆ ಇಳಿಸಿದ್ದು ಡಾಕ್ಟರೇ ಎಂಬುದು. ಅತ್ತೆ ನೆಲದ ಮೇಲೆ ಕುಳಿತು ಕೇಳಿದರು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ನಾನು ಕಾದೆ.

"ಕಿಡ್ನಿಯೊಳಗೆ ಮಲಗಿರತ್ತೆ ಅಂದ್ಯಲ್ಲ, ಯಾರ ಕಿಡ್ನಿಯೊಳಗೆ?" ಎಂದು ಕೇಳಿದರು.

ನಾನು ಮಾತ್ರೆಯ ಡಬ್ಬಿಗೆ ಮುಚ್ಚಳ ಹಾಕಿದೆ.

"ನನ್ನದರಲ್ಲೇ ಬಂತಾ?"

"ಎಲ್ಲರಲ್ಲೂ ಇರತ್ತಂತೆ" ಎಂದೆ.

ಅವರು ಎದ್ದು ಒಳಗೆ ಹೋದರು. ಬಿಳಿ ಸೀರೆಯನ್ನೂ ಬದಲಿಸದೆ ಮಲಗಿದರು.

ಮಾರ್ಚ್ 6

ಅತ್ತೆ ನೀರು ತಂದಿಟ್ಟು ಮಾತಿಲ್ಲದೆ ಹೋಗುತ್ತಾರೆ. ನನ್ನ ಕಿಡ್ನಿ ಎನ್ನುವುದಿಲ್ಲ. ಅಂಗಡಿಯ ಹೆಂಗಸು "ಹೇಗಿದೆ ನಿಮ್ಮ ಕಿಡ್ನಿ?" ಎಂದು ಕೇಳಿದ್ದಕ್ಕೆ ತೆಂಗಿನಕಾಯಿಯ ಬೆಲೆ ಕೇಳಿ ಬಂದರಂತೆ. ಮನೆ ಇಷ್ಟು ಸದ್ದಿಲ್ಲದೆ ಇದ್ದದ್ದು ನನಗೆ ನೆನಪಿಲ್ಲ. ಇದನ್ನೇ ಅಲ್ಲವೇ ನಾನು ಬಯಸಿದ್ದು? ಆದರೂ ಊಟ ಸೇರುತ್ತಿಲ್ಲ.

ಮಾರ್ಚ್ 13

ಅತ್ತೆಯನ್ನು ಒತ್ತಾಯ ಮಾಡಿ ಕ್ಯಾಂಡಿಗೆ ಕರೆದುಕೊಂಡು ಹೋದೆ. ನನ್ನ ಕ್ರಿಯಾಟಿನಿನ್ ಏರಿದೆ, ಅಂದರೆ ಕಿಡ್ನಿ ಸರಿಯಾಗಿ ಸೋಸುತ್ತಿಲ್ಲ. ಕಿಡ್ನಿಗೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು ಎಂದರು ಡಾಕ್ಟರ್. ಕಾವಲು ಹೊಡೆಯುತ್ತಿದೆಯೋ ವೈರಸ್ ತಿನ್ನುತ್ತಿದೆಯೋ ಹಾಗಲ್ಲದೆ ತಿಳಿಯದು. ಎರಡಕ್ಕೂ ಮದ್ದು ತದ್ವಿರುದ್ಧ.

ಅಷ್ಟರಲ್ಲಿ ಅತ್ತೆ ಕುರ್ಚಿಯಿಂದ ಎದ್ದು ನಿಂತರು. ಕೈ ಮುಗಿದು ಕೇಳಿದರು: "ಡಾಕ್ಟರ್ ಸಾಹೇಬ್ರೇ, ನಾನು ಕೊಟ್ಟಿದ್ದು ಹುಳ ಹಿಡಿದ ಹಣ್ಣಾ?"

ಡಾಕ್ಟರ್ ಅವಸರ ಮಾಡಲಿಲ್ಲ. ಅವರನ್ನು ಕೂರಿಸಿದರು.

"ಅಮ್ಮಾ, ಸುಳ್ಳು ಹೇಳಲ್ಲ. ನಿಮ್ಮ ಕಿಡ್ನಿ ಜೊತೆ ಬಂದಿರಬಹುದು. ಇವರಲ್ಲೇ ಮೊದಲಿಂದ ಇದ್ದಿರಬಹುದು. ನನ್ನೊಳಗೂ ಮಲಗಿರಬಹುದು. ನಮ್ಮ ಮುಂದೆ ಇಷ್ಟು ಜನ ದಾನಿಗಳು ಬರ್ತಾರೆ, ಇದು ಇಲ್ಲದವರನ್ನೇ ಹುಡುಕ್ತಾ ಕೂತ್ರೆ ಯಾರಿಗೂ ಕಸಿ ಮಾಡೋಕಾಗಲ್ಲ. ಇದೆ ಅಂತ ಗೊತ್ತಿದ್ರೂ ನಾನು ಈ ಕಿಡ್ನಿನೇ ಹಾಕ್ತಿದ್ದೆ."

"ನಾನೂ ಇದನ್ನೇ ತಗೋತಿದ್ದೆ" ಎಂದೆ. ಗೋಡೆಯ ಕಡೆ ನೋಡುತ್ತ ಹೇಳಿದೆ, ಆದರೂ ಹೇಳಿದೆ.

ಬಸ್ಸಿನಲ್ಲಿ ಅತ್ತೆ ಕಿಟಕಿಗೆ ತಲೆಯಾನಿಸಿ ಕುಳಿತಿದ್ದರು. ಎದುರು ಸೀಟಿನ ಹೆಂಗಸೊಬ್ಬಳು ನನ್ನ ಮಾಸ್ಕ್ ನೋಡಿ, "ಏನು ಕಾಯಿಲೆ ತಂಗಿ?" ಎಂದು ಕೇಳಿದಳು.

"ಕಾಯಿಲೆ ಇತ್ತು ಅಕ್ಕಾ. ಇವರು ಕಿಡ್ನಿ ಕೊಟ್ರು. ನಮ್ಮ ಅತ್ತೆ."

"ಅತ್ತೆನಾ? ಅತ್ತೆ ಕೊಟ್ರಾ?" ಆ ಹೆಂಗಸು ಸೀಟಿನಲ್ಲಿ ಪೂರ್ತಿ ತಿರುಗಿದಳು. "ನಮ್ಮತ್ತೆ ಒಂದು ನಿಂಬೆಹಣ್ಣು ಕೊಟ್ಟವಳಲ್ಲ!"

ಬಸ್ಸು ನಕ್ಕಿತು. ಅತ್ತೆ ಕಿಟಕಿಯಿಂದ ತಲೆ ತೆಗೆದು ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಹೇಳಿದರು: "ಎಡಗಡೇದು."

ಮಾರ್ಚ್ 16

ಸೂಜಿ ಹಾಕಿದ್ದಾಯಿತು. ಕಾವಲು ಕಿಡ್ನಿಯನ್ನು ಹೊಡೆಯುತ್ತಿಲ್ಲ. ವೈರಸ್ಸು ಅಲ್ಲಲ್ಲಿ ಕಚ್ಚಿದೆ, ಆಳಕ್ಕಿಳಿದಿಲ್ಲ. ಮಾತ್ರೆ ಇನ್ನೂ ಇಳಿಸಿದರು. ಪ್ರತಿ ವಾರ ರಕ್ತ. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಅತ್ತೆ ನನ್ನ ಮಂಚದ ಕೆಳಗೆ ಚಾಪೆ ಹಾಕಿದ್ದರು. ಗೊರಕೆಗೆ ವಾರ್ಡಿನವರಾರೂ ಮಲಗಲಿಲ್ಲ. ನಾನು ಮಲಗಿದೆ.

ಏಪ್ರಿಲ್ 5

ನಿಲುಷಿ ಬೇಲಿಯ ಆಚೆಯಿಂದಲೇ ಕೂಗಿದಳು. ಒಳಗೆ ಬರುವುದಿಲ್ಲ ಎಂದಳು.

ದಡಾರ. ಕೆರೆಯ ಆಚೆಯ ಊರಿನಲ್ಲಿ ಮೂರು ಮನೆಗಳಲ್ಲಿ. ದೇವರ ಕಾಯಿಲೆ ಎಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಒಳಗಿಟ್ಟುಕೊಂಡಿದ್ದರಂತೆ. ಹೊಸ ವರ್ಷದ ಹಬ್ಬಕ್ಕೆ ಜನ ಊರೂರು ಓಡಾಡುವ ಸಮಯ.

ಡಾಕ್ಟರಿಗೆ ಫೋನ್ ಮಾಡಿದೆ. ನನ್ನ ರಕ್ತದಲ್ಲಿ ದಡಾರವನ್ನು ತಡೆಯುವ ಬಲ ಇಲ್ಲವೆಂಬುದು ಕಸಿಗೆ ಮುಂಚೆಯೇ ಗೊತ್ತಾಗಿತ್ತು. ಆಗ ಮೈ ಕುಸಿದಿತ್ತು, ಸಮಯವಿರಲಿಲ್ಲ. ಈಗ ಆ ಚುಚ್ಚುಮದ್ದು ಹಾಕುವಂತಿಲ್ಲ. ಅದರಲ್ಲಿರುವುದು ಸೊರಗಿಸಿದ ವೈರಸ್ಸು. ಮಕ್ಕಳಿಗೆ ಅದು ಪಾಠ ಕಲಿಸುತ್ತದೆ, ನನ್ನಂಥವಳಿಗೆ ಅದೇ ಕಾಯಿಲೆಯಾಗಬಹುದು. ಇಪ್ಪತ್ತು ವರ್ಷ ಕಂಡಕಂಡ ಮಕ್ಕಳಿಗೆ ಹಾಕಿಸಿದ ಮದ್ದು ನನಗಿಲ್ಲ.

"ದಡಾರ ಇದ್ದವರ ಹತ್ತಿರ ಹೋದದ್ದು ಗೊತ್ತಾದ್ರೆ ಆ ದಿನವೇ ಓಡಿ ಬನ್ನಿ, ಬೇರೆ ಇಂಜೆಕ್ಷನ್ ಇದೆ" ಎಂದರು ಡಾಕ್ಟರ್. "ಆದ್ರೆ ನಿಮ್ಮನ್ನ ನಿಜವಾಗಿ ಕಾಯೋದು ನಿಮ್ಮ ಸುತ್ತ ಇರೋ ಜನ. ಊರಿನ ಮಕ್ಕಳಿಗೆಲ್ಲ ಹಾಕಿಸಿದ್ರೆ ನಿಮ್ಮ ಬಾಗಿಲಿಗೆ ಬರಲ್ಲ."

ಎಲ್ಲರಿಗೂ ಹಾಕಿಸಿಲ್ಲ. ನಾನು ಹಾಸಿಗೆ ಹಿಡಿದಾಗಿನಿಂದ ಬಿಟ್ಟುಹೋದ ಮಕ್ಕಳಿದ್ದಾರೆ. ಕೆಲವರಿಗೆ ಒಂಬತ್ತು ತಿಂಗಳಿಗೆ ಹಾಕುವ ಚುಚ್ಚುಮದ್ದು, ಕೆಲವರಿಗೆ ಮೂರು ವರ್ಷಕ್ಕೆ ಹಾಕುವುದು. ಅತ್ತೆಗೆ ಇದನ್ನೆಲ್ಲ ಹೇಳಿದೆ. ಈ ಸಲ ಮುಚ್ಚಿಡಲಿಲ್ಲ.

"ಹಾಗಾದ್ರೆ ಕಾಡಂಚಲ್ಲಿ ಸರಣಪಾಲ ಇದಾನಲ್ಲ, ಅವನ ಮಗನಿಗೆ ಹಾಕಿಸದೆ ಇದ್ರೆ ನಿನಗೆ ಬರತ್ತಾ?"

"ಬರಬಹುದು."

"ಹ್ಞೂಂ" ಎಂದರು. ಎಲೆಅಡಿಕೆ ಜಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು.

ಏಪ್ರಿಲ್ 17

ಹಬ್ಬ ಮುಗಿಯುತ್ತ ಬಂತು. ಈ ವರ್ಷ ನಮ್ಮ ಮನೆಯೊಳಗೆ ಯಾರೂ ಬರಲಿಲ್ಲ. ಅತ್ತೆ, ಈಗ ನನ್ನ ಬಾಯಲ್ಲೂ ಅಮ್ಮ, ಬೇಲಿಗೆ ಹಗ್ಗ ಕಟ್ಟಿ, ವೀಳ್ಯದೆಲೆ ಹಿಡಿದು ನಮಸ್ಕರಿಸಲು ಬಂದ ನೆಂಟರನ್ನು ಅಲ್ಲಿಂದಲೇ ಹರಸಿ ಕಳಿಸಿದಳು. ಹಾಲನ್ನ, ಎಣ್ಣೆಯ ಕಜ್ಜಾಯ ಎಲ್ಲ ಮಾಡಿ, ಬಾಳೆಹಣ್ಣಿನ ಜೊತೆ ಬೇಲಿಗೆ ಒಯ್ದು ಹಂಚಿದಳು.

ಇವತ್ತು ತಲೆಗೆ ಎಣ್ಣೆ ಹಚ್ಚುವ ಮುಹೂರ್ತ. ಪ್ರತಿ ವರ್ಷ ವಿಹಾರಕ್ಕೆ ಹೋಗಿ ಹಚ್ಚಿಸಿಕೊಳ್ಳುತ್ತಿದ್ದೆ. ಈ ಸಲ ಅಮ್ಮ ನನ್ನನ್ನು ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂರಿಸಿ ತಾನೇ ಹಚ್ಚಿದಳು. ಮಾತ್ರೆಗಳಿಂದ ನನ್ನ ಕೂದಲು ಉದುರಿ ನೆತ್ತಿ ಕಾಣುತ್ತದೆ. ಒರಟು ಕೈ, ಮೆಲ್ಲಗೆ ಒತ್ತಿದಳು.

"ನೂರಿಪ್ಪತ್ತು ವರ್ಷ ಬಾಳು" ಎಂದಳು.

"ಅಷ್ಟು ವರ್ಷ ಕಿಡ್ನಿ ಬರಬೇಕಲ್ಲ."

"ಬರತ್ತೆ. ನಮ್ಮ ವಂಶದ್ದು ಗಟ್ಟಿ ಸಾಮಾನು."

ಏಪ್ರಿಲ್ 27

ಬೆಳಗ್ಗೆ ಎದ್ದರೆ ಅಮ್ಮ ಮನೆಯಲ್ಲಿಲ್ಲ. ಮಧ್ಯಾಹ್ನ ನಿಲುಷಿಯ ಸ್ಕೂಟರಿನ ಹಿಂದೆ ಕುಳಿತು ಬಂದಳು, ಮೈಯೆಲ್ಲ ಕೆಂಪು ಧೂಳು. ನಿಲುಷಿ ಬೇಲಿಯಾಚೆ ನಿಂತು ಹೊಟ್ಟೆ ಹಿಡಿದು ನಗುತ್ತಲೇ ಎಲ್ಲ ಹೇಳಿದಳು.

ಮಕ್ಕಳನ್ನು ಚುಚ್ಚುಮದ್ದಿನ ಕ್ಲಿನಿಕ್ಕಿಗೆ ಕರೆತನ್ನಿ ಎಂದು ಹೇಳಲು ಕತ್ತಲಿರುವಾಗಲೇ ಇಬ್ಬರೂ ಕಾಡಂಚಿನ ಹೊಲಗಳಿಗೆ ಹೋಗಿದ್ದಾರೆ. ಸರಣಪಾಲ ಬಾಗಿಲಿಗೆ ಅಡ್ಡ ನಿಂತನಂತೆ. ಅವನ ಮಗನಿಗೆ ಮೊದಲ ಚುಚ್ಚುಮದ್ದಿಗೆ ಎರಡು ದಿನ ಜ್ವರ ಬಂದಿತ್ತು. ಅಂದಿನಿಂದ ಹಠ ಹಿಡಿದಿದ್ದಾನೆ, ಅವನನ್ನು ನೋಡಿ ಸುತ್ತಲಿನ ಗುಡಿಸಲಿನವರೂ.

"ಸೂಜಿ ಗೀಜಿ ಬೇಡ" ಎಂದನಂತೆ. "ನಿಮ್ಮ ಸೊಸೆ ಜೀವಮಾನ ಪೂರ್ತಿ ಸೂಜಿ ಹಿಡ್ಕೊಂಡು ತಿರುಗಿದ್ಲು. ಅವಳ ಕಿಡ್ನಿ ಉಳೀತಾ?"

ಅಮ್ಮ ಎಲೆಅಡಿಕೆ ಉಗಿದು, ರವಿಕೆಯ ಅಂಚು ಮೇಲೆ ಸರಿಸಿ, ಪಕ್ಕೆಯ ಗಾಯದ ಗುರುತು ತೋರಿಸಿದಳಂತೆ.

"ನೋಡೋ. ಇಲ್ಲಿಂದ ತೆಗೆದು ಅವಳಿಗೆ ಕೊಟ್ಟೆ. ಅರವತ್ತೆರಡನೇ ವಯಸ್ಸಲ್ಲಿ, ಹೊಟ್ಟೆ ಕುಯ್ಸಿಕೊಂಡು. ನೀನು ಮಗನ ತೋಳು ಒಂದು ಗಳಿಗೆ ಹಿಡ್ಕೊಳ್ಳೋಕೆ ಹೆದರ್ತೀಯ?"

"ನನ್ನ ಮಗ, ನನ್ನಿಷ್ಟ."

"ನಿನ್ನ ಮಗ ಹುಟ್ಟುವಾಗ ಅಡ್ಡ ತಿರುಗಿದ್ದ. ಮಳೇಲಿ ಟ್ರ್ಯಾಕ್ಟರ್ ಹತ್ಕೊಂಡು ಬಂದು ನಿನ್ನ ಹೆಂಡತಿನ ಆಸ್ಪತ್ರೆಗೆ ಸೇರಿಸಿದ್ದು ಯಾರು? ನನ್ನ ಸೊಸೆ. ಅವಳಿಗೆ ಈಗ ಮೈಯಲ್ಲಿ ಕಾವಲಿಲ್ಲ. ನಿನ್ನ ಮಗನಿಗೆ ದಡಾರ ಬಂದ್ರೆ ಅವನಿಗೂ ಕೆಟ್ಟದ್ದು, ಅವಳಿಗೂ ಸಾವು. ಅವಳು ಯಾವತ್ತಾದ್ರೂ ಬಾಯಿಬಿಟ್ಟು ಕೇಳಿದಾಳಾ ನಿನ್ನ ಹತ್ರ? ಕೇಳಲ್ಲ. ಬಲು ಜಂಬ ಅವಳಿಗೆ. ಅದಕ್ಕೇ ನಾನು ಬಂದಿದೀನಿ ಕೇಳೋಕೆ."

ಸರಣಪಾಲ ಒಳಗೆ ಹೋದನಂತೆ. ಅವನ ಹೆಂಡತಿ ಇನೋಕಾ ಮಾತ್ರ ಹೊರಗೆ ಬಂದು, "ಯಾವ ದಿನ ಅಮ್ಮಾ?" ಎಂದು ಕೇಳಿದಳಂತೆ.

ಸೊಸೆಗೆ ಜಂಬ ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಾಳೆ! ಸಿಟ್ಟು ಬರಬೇಕಿತ್ತು. ನಾನೂ ನಿಲುಷಿಯ ಜೊತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ನಿಲುಷಿ ಹೊರಟಾಗ ಅವಳ ಹೆಸರು ಕೂಗಿ ನಿಲ್ಲಿಸಿದೆ. "ಎರಡು ಜನರ ಕೆಲಸ ಒಬ್ಬಳೇ ಮಾಡ್ತಿದೀಯ. ನನಗೆ ಗೊತ್ತು" ಎಂದೆ. ಹುಡುಗಿ ಹೆಲ್ಮೆಟ್ ಹಾಕಿಕೊಂಡು ಮುಖ ಮರೆಸಿಕೊಂಡಳು.

ಮೇ 10

ಇವತ್ತು ವಿಹಾರದ ಧರ್ಮಶಾಲೆಯಲ್ಲಿ ಚುಚ್ಚುಮದ್ದಿನ ಕ್ಲಿನಿಕ್. ನಾನು ಹೋಗುವ ಹಾಗಿಲ್ಲ. ಜಗಲಿಯ ಮೇಲೆ ಮಾಸ್ಕ್ ಹಾಕಿ ಕುಳಿತೆ. ವಿಹಾರಕ್ಕೆ ಹೋಗುವ ದಾರಿ ನಮ್ಮ ಬೇಲಿಯ ಪಕ್ಕದ್ದೇ.

ಮೊದಲು ಇಬ್ಬರು ತಾಯಂದಿರು ಬಂದರು. ಬಿಸಿಲು ಏರಿದಂತೆ ಗುಂಪುಗುಂಪಾಗಿ. ಕೊಡೆ ಹಿಡಿದವರು, ಸೈಕಲ್ಲಿನ ಮುಂದೆ ಮಗು ಕೂರಿಸಿಕೊಂಡವರು, ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಅಜ್ಜಿ ಮೊಮ್ಮಕ್ಕಳೆಲ್ಲ ತುಂಬಿಕೊಂಡು ಬಂದವರು. ಒಬ್ಬಳು ವಾಪಸು ಹೋಗುವಾಗ ಬೇಲಿಯ ಬಳಿ ನಿಂತಳು. ಹತ್ತಿರ ಬರಲಿಲ್ಲ. ಅಳುತ್ತಿದ್ದ ಕೂಸನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿ, "ಮಿಸ್ಸೀ, ಹಾಕಿಸಿದೆ!" ಎಂದು ಕೂಗಿದಳು.

ಅವಳನ್ನು ನೋಡಿ ಹಿಂದಿನವಳೂ ಎತ್ತಿದಳು. ಆಮೇಲೆ ಬಂದವರೆಲ್ಲ. ಬಿಸಿಲಿನಲ್ಲಿ ಕಾಲು ಒದೆಯುತ್ತ, ಕಿರುಚುತ್ತ, ಒಂದಾದ ಮೇಲೊಂದು ಕೂಸು ಬೇಲಿಯ ಮೇಲೆ ಏಳುತ್ತಿತ್ತು, ಇಳಿಯುತ್ತಿತ್ತು. ಎತ್ತಿದ ತಾಯಂದಿರಲ್ಲಿ ಕೆಲವರು ನಾನೇ ತೂಕ ಹಾಕಿ ಬೆಳೆಸಿದ ಹೆಣ್ಣುಮಕ್ಕಳು.

ಮಧ್ಯಾಹ್ನ ಸರಣಪಾಲ ಬಂದ. ಮಗ ಹೆಗಲ ಮೇಲೆ. ನನ್ನ ಕಡೆ ತಿರುಗಲಿಲ್ಲ, ಕೂಗಲಿಲ್ಲ. ಬೇಲಿಯ ಪಕ್ಕ ಹಾದುಹೋಗುವಾಗ ಮಾತ್ರ ಹೆಜ್ಜೆ ನಿಧಾನ ಮಾಡಿ, ಹುಡುಗನ ತೋಳಿನ ಹತ್ತಿಯನ್ನು ನನಗೆ ಕಾಣುವ ಹಾಗೆ ತಿರುಗಿಸಿದ.

ಅಮ್ಮ ಧರ್ಮಶಾಲೆಯ ಬಾಗಿಲಲ್ಲೇ ಸ್ಟೂಲ್ ಹಾಕಿ ಕುಳಿತಿದ್ದಳಂತೆ, ಮದುವೆಮನೆಯ ಯಜಮಾನಿಯ ಹಾಗೆ. ಮೂಗು ಸೋರುವ ಮಕ್ಕಳನ್ನು ಬೇರೆ ಕೂರಿಸಿದಳಂತೆ. ಆರೋಗ್ಯ ಕಚೇರಿಯ ಡಾಕ್ಟರು ಇವಳು ಯಾರೆಂದು ಕೇಳಿದ್ದಕ್ಕೆ ನಿಲುಷಿ, "ಸರ್, ಈ ಸೀಮೆಯ ದೊಡ್ಡ ಮಿಸ್ಸಿ" ಎಂದಳಂತೆ.

ನನ್ನ ಸೀಮೆ. ಇಂಥ ಸೀಮೆ ಇನ್ನೊಂದಿಲ್ಲ.

ಮೇ 11

ಇಡೀ ದಿನ ಮಲಗಿದೆ. ಅಮ್ಮನೂ ಮಲಗಿದಳು. ವಿಜೇಸಿರಿ ಅನ್ನ ಮಾಡಿ ತಳ ಹಿಡಿಸಿದರು.

ಜೂನ್ 19

ಕೆರೆಯಾಚೆಯ ಊರಿನಲ್ಲಿ ದಡಾರ ಇನ್ನೂ ನಾಲ್ಕು ಮಕ್ಕಳಿಗೆ ಬಂದು ನಿಂತಿತು. ಏರಿ ದಾಟಿ ಈ ಕಡೆ ಬರಲಿಲ್ಲ.

ಇವತ್ತು ಕ್ಯಾಂಡಿಯಲ್ಲಿ ಡಾಕ್ಟರ್ ಕನ್ನಡಕ ಹಣೆಗೇರಿಸಿ ವರದಿಯನ್ನು ಎರಡು ಸಲ ಓದಿದರು. ರಕ್ತದಲ್ಲಿ ವೈರಸ್ ಪತ್ತೆಯಾಗುವಷ್ಟಿಲ್ಲ. ಕ್ರಿಯಾಟಿನಿನ್ ಜನವರಿಯ ಹಾಗೆ ಆಗಲಿಲ್ಲ, ಆಗುವುದೂ ಇಲ್ಲವಂತೆ. ವೈರಸ್ಸು ಕಚ್ಚಿದ ಕಡೆ ಗಾಯ ಉಳಿದಿದೆ. ಆದರೆ ಏರುವುದು ನಿಂತು ಒಂದೇ ಕಡೆ ಗಟ್ಟಿಯಾಗಿ ನಿಂತಿದೆ.

"ಈ ಮಾತ್ರೆಯ ಅಳತೆಯಲ್ಲೇ ಇರೋಣ" ಎಂದರು. "ವೈರಸ್ ಸತ್ತಿಲ್ಲ, ಮಲಗಿದೆ. ರಕ್ತಪರೀಕ್ಷೆ ತಪ್ಪಿಸಬಾರದು."

"ಮೊದಲಿನಷ್ಟು ಚೆನ್ನಾಗಿಲ್ವಾ ಕಿಡ್ನಿ?" ಎಂದು ಕೇಳಿದಳು ಅಮ್ಮ.

"ಯುದ್ಧ ಮಾಡಿ ಬಂದಿದೆ ಅಮ್ಮಾ. ಗಾಯ ಆಗಿದೆ, ಸೋತಿಲ್ಲ."

ಅಮ್ಮ ತಲೆಯಾಡಿಸಿದಳು, ಅದೇ ಸರಿ ಎನ್ನುವಂತೆ. ಬಸ್ಸಿನಲ್ಲಿ ಕಿಡ್ನಿಯ ಸುದ್ದಿಯನ್ನು ನಾನೊಂದು ಕಡೆಯವರಿಗೆ ಹೇಳಿದೆ, ಅವಳು ಇನ್ನೊಂದು ಕಡೆಯವರಿಗೆ. ದಂಬುಳ್ಳಕ್ಕೆ ಮುಂಚೆಯೇ ಮುಗಿಯಿತು.

ಜುಲೈ 3

ಡ್ಯೂಟಿಯ ಮೊದಲ ದಿನ. ಕಾಯಿಲೆಯ ಮಕ್ಕಳಿರುವ ಮನೆಗೆ ಹೋಗಬಾರದು, ಜನ ಸೇರಿದ ಕಡೆ ನಿಲ್ಲಬಾರದು, ಮಾಸ್ಕ್ ತೆಗೆಯಬಾರದು. ಇವೆಲ್ಲಕ್ಕೂ ಒಪ್ಪಿ, ಬಸುರಿಯರ ಮನೆಗಳನ್ನಷ್ಟೇ ನಿಲುಷಿಯಿಂದ ಕೇಳಿ ಪಡೆದೆ. ಬೆಳಗ್ಗೆ ಸಮವಸ್ತ್ರದ ಸೀರೆ ಉಟ್ಟಾಗ ಸೊಂಟದಲ್ಲಿ ನಿಲ್ಲಲಿಲ್ಲ, ಅಮ್ಮ ಎರಡು ಪಿನ್ ಹಾಕಿ ನಿಲ್ಲಿಸಿದಳು.

ಮೂರನೇ ಮನೆ ಕಾಡಂಚಿನದು. ಹೊಸದಾಗಿ ಕಟ್ಟಿದ ತಗಡಿನ ಮನೆ. ಹೋದ ವರ್ಷ ನಾನು ಹಾಸಿಗೆ ಹಿಡಿದಿದ್ದಾಗ ದೂರದ ಮೊನರಾಗಲದಿಂದ ಮದುವೆಯಾಗಿ ಬಂದ ಹುಡುಗಿ, ಐದು ತಿಂಗಳ ಬಸುರಿ. ಗಂಡ ಹೊಲದಲ್ಲಿದ್ದ. ಅವಳು ಬಾಗಿಲನ್ನು ಒಂದು ಗೇಣು ತೆರೆದು, ಮಾಸ್ಕ್ ಹಾಕಿ ನಿಂತ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಯಾರು ನೀವು?"

ಈ ಸೀಮೆಯಲ್ಲಿ ನನ್ನನ್ನು ಯಾರೂ ಕೇಳದ ಪ್ರಶ್ನೆ ಅದು. ಹೇಳಲು ನನಗೆ ಬೇಕಾದಷ್ಟಿತ್ತು: ಇಪ್ಪತ್ತು ವರ್ಷದ ಕೆಲಸ, ಈ ದಾರಿಯಲ್ಲಿ ಹುಟ್ಟಿದ ಮಕ್ಕಳು, ಸರ್ಕಾರದ ಹುದ್ದೆ. ಬಿಸಿಲು ಜೋರಿತ್ತು, ಹುಡುಗಿ ಹೆದರಿದ್ದಳು. ಅವಳಿಗೆ ಬೇಗ ಅರ್ಥವಾಗುವ ಮಾತು ಯಾವುದೋ ಅದನ್ನೇ ಹೇಳಿದೆ.

"ನಾನು ದಿಂಗಿರಿ ಮೆಣಿಕೆಯ ಸೊಸೆ."

"ಅಯ್ಯೋ, ಬನ್ನಿ ಅಕ್ಕಾ, ಬನ್ನಿ!" ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು.